ಬಿಸಿಲಿನ ಎಂಜಲು

ಎತ್ತರದ ಬೆಟ್ಟಗಳ ನಡುವೆ ಒಂದು ಊರು. ವರ್ಷದಲ್ಲಿ ಆರು ತಿಂಗಳು ಅಲ್ಲಿ ಹಿಮ ಬೀಳುತ್ತದೆ. ಊರಿನ ಹೆಸರು ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ, ಹೇಳಿದರೂ ನೀವು ನಾಳೆಗೆ ಮರೆಯುತ್ತೀರಿ, ಆದ್ದರಿಂದ ಹೆಸರು ಬಿಡಿ. ಇಪ್ಪತ್ತೆರಡು ಮನೆ, ಇನ್ನೂರು ಚಿಲ್ಲರೆ ಕುರಿ ಮೇಕೆ, ಒಂಬತ್ತು ಯಾಕ್‌ಗಳು, ಇಷ್ಟೇ ಆ ಊರಿನ ಆಸ್ತಿ. ಯಾಕ್ ಎಂದರೆ ಮೈತುಂಬ ಜೋಲು ಕೂದಲಿರುವ ಬೆಟ್ಟದ ಎತ್ತು. ಊರಿನ ಕೆಳಗೆ ಆಳವಾದ ಕಮರಿ, ಕಮರಿಯಲ್ಲಿ ನದಿ. ಎಂಥ ಚಳಿಯಲ್ಲೂ ಆ ನದಿ ಹೆಪ್ಪುಗಟ್ಟುತ್ತಿರಲಿಲ್ಲ, ಅಷ್ಟು ರಭಸ ಅದಕ್ಕೆ.

ನದಿಯ ಈಚೆ ದಡ ನೆರಳಿನದು, ಆಚೆ ದಡ ಬಿಸಿಲಿನದು. ಚಳಿಗಾಲ ಅರ್ಧ ಕಳೆಯುವ ಹೊತ್ತಿಗೆ ಊರಿನ ಒಣಹುಲ್ಲು ಮುಗಿಯುತ್ತಿತ್ತು. ಅದೇ ಹೊತ್ತಿಗೆ ಆಚೆ ದಡದ ಇಳಿಜಾರಿನಲ್ಲಿ ಹಿಮ ಕರಗಿ ಹುಲ್ಲು ಕಾಣುತ್ತಿತ್ತು. ಮಂದೆ ಆಚೆ ದಾಟಿದರೆ ಬದುಕುತ್ತಿತ್ತು, ದಾಟದಿದ್ದರೆ ಹಸಿವಿನಿಂದ ಸಾಯುತ್ತಿತ್ತು. ಕಡ್ಡಿ ಹೊಸೆದು ಮಾಡಿದ ಹಗ್ಗದ ಸೇತುವೆ ಒಂದಿತ್ತು, ನಿಜ. ಅದರ ಮೇಲೆ ಒಬ್ಬ ಮನುಷ್ಯ ಬರಿಗೈಯಲ್ಲಿ ಉಸಿರು ಬಿಗಿಹಿಡಿದು ಹೋಗಬಹುದಿತ್ತು, ಅಷ್ಟೆ. ಕುರಿಗಳು ಅದನ್ನು ನೋಡಿಯೇ ಹಿಂದೆ ಸರಿಯುತ್ತಿದ್ದವು. ಮರದ ಸೇತುವೆ ಕಟ್ಟೋಣವೆಂದರೆ ಆ ಎತ್ತರದಲ್ಲಿ ದೊಡ್ಡ ಮರ ಬೆಳೆಯುವುದಿಲ್ಲ.

ಆದ್ದರಿಂದ ಅವರು ಪ್ರತಿ ಚಳಿಗಾಲದಲ್ಲೂ ಹಿಮದ ಸೇತುವೆ ಕಟ್ಟುತ್ತಿದ್ದರು. ಕಮರಿ ಕಿರಿದಾದ ಕಡೆ ಎರಡೂ ದಡದಿಂದ ತೆಳ್ಳನೆಯ ಮರದ ಗಳುಗಳನ್ನು ಚಾಚಿ ಕಟ್ಟುವುದು, ಮೇಲೆ ಕಡ್ಡಿಯ ಚಾಪೆ ಹಾಸುವುದು, ಅದರ ಮೇಲೆ ಬುಟ್ಟಿ ಬುಟ್ಟಿ ಹಿಮ ಸುರಿದು ತುಳಿಯುವುದು. ಮಂದೆ ಒಮ್ಮೆ ದಾಟಿಹೋದರೆ ಸಾಕು. ವಾಪಸು ಬರುವಾಗ ಬೇಸಿಗೆ, ಆಗ ಕಣಿವೆ ಸುತ್ತಿ ಬರುವ ದೂರದ ದಾರಿ ತೆರೆದಿರುತ್ತಿತ್ತು.

ಸೇತುವೆಯ ಯಜಮಾನ ತುಂಡುಪ್. ಎಪ್ಪತ್ತು ದಾಟಿದ ಮುದುಕ, ನಲವತ್ತು ಚಳಿಗಾಲ ಸೇತುವೆ ಕಟ್ಟಿಸಿದವನು. ಊರಿನವರೆಲ್ಲ ಅವನನ್ನು ‘ಮೆಮೆಲೆ’ ಎಂದು ಕರೆಯುತ್ತಿದ್ದರು. ಅವರ ಮಾತಿನಲ್ಲಿ ಮೆಮೆ ಎಂದರೆ ಅಜ್ಜ. ಮರ್ಯಾದೆಗೆ ಕೊನೆಯಲ್ಲಿ ‘ಲೆ’ ಸೇರಿಸಿದರೆ ‘ಅಜ್ಜನವರೇ’ ಎಂದ ಹಾಗೆ.

ತುಂಡುಪ್ ಅಜ್ಜನ ಬಳಿ ಎರಡು ನಿಯಮಗಳಿದ್ದವು. ಅವು ಅವನ ಅಜ್ಜನಿಂದ ಬಂದವು, ಆ ಅಜ್ಜನಿಗೆ ಎಲ್ಲಿಂದ ಬಂದವೋ ಯಾರಿಗೂ ಗೊತ್ತಿಲ್ಲ. ಮೊದಲ ನಿಯಮ: ಸೇತುವೆಗೆ ಹಾಕುವ ಹಿಮವನ್ನು ಸೂರ್ಯ ಮುಟ್ಟಿರಬಾರದು. ಬೆಳಕು ಹರಿಯುವ ಮೊದಲೇ ಹೋಗಿ, ರಾತ್ರಿ ಬಿದ್ದ ಬೆಳ್ಳನೆಯ ಹೊಸ ಹಿಮವನ್ನೇ ತರಬೇಕು. ಬಿಸಿಲು ತಾಗಿ ಅರೆಬರೆ ಕರಗಿದ ಹಿಮ ‘ಬಿಸಿಲಿನ ಎಂಜಲು’. ನಮ್ಮಲ್ಲಿ ಎಂಜಲು ಲೋಟವನ್ನು ನೀರಿನ ಕೊಡಕ್ಕೆ ಅದ್ದಿದರೆ ಮನೆಯ ಹಿರಿಯರು ಹೇಗೆ ಹೌಹಾರುತ್ತಾರೋ ಹಾಗೆಯೇ ಅವರು ಆ ಹಿಮವನ್ನು ಕಂಡರೆ ಹೌಹಾರುತ್ತಿದ್ದರು. ಸೇತುವೆ ಕಟ್ಟುವ ಜಾಗವನ್ನೂ ಬಿಸಿಲು ಒಂದು ಗಳಿಗೆಯೂ ಇಣುಕದ ಕಡೆಯೇ ಹುಡುಕಿಟ್ಟಿದ್ದರು.

ಎರಡನೆಯ ನಿಯಮ: ಸಾವಾದ ಮನೆಯವರು ವರ್ಷ ತುಂಬುವವರೆಗೆ ಸೇತುವೆಗೆ ಕೈ ಹಾಕುವಂತಿಲ್ಲ. ಅಳುವವರ ಕೈ ತಾಗಿದರೆ ಸೇತುವೆಯೂ ಕರಗುತ್ತದೆ ಎಂದು ಅವರ ನಂಬಿಕೆ.

ಸೇತುವೆ ಕೆಲವು ವರ್ಷ ನಿಲ್ಲುತ್ತಿತ್ತು, ಕೆಲವು ವರ್ಷ ಬೀಳುತ್ತಿತ್ತು. ನಿಂತರೆ ನಿಯಮ ಪಾಲಿಸಿದ್ದಕ್ಕೆ ನಿಂತಿತು. ಬಿದ್ದರೆ ಯಾರದೋ ಬುಟ್ಟಿಯಲ್ಲಿ ಎಂಜಲು ಹಿಮ ಬಂದಿತ್ತು, ಅದಕ್ಕೇ ಬಿತ್ತು. ಯಾರ ಬುಟ್ಟಿ ಎಂದು ಹುಡುಕಿ ಅವನನ್ನು ಬೈಯುತ್ತಿದ್ದರು. ನೋಡಿ, ಎಷ್ಟು ಅನುಕೂಲದ ಏರ್ಪಾಡು. ಸೇತುವೆ ಎಷ್ಟು ಸಲ ಬಿದ್ದರೂ ನಿಯಮದ ಮೈಗೆ ಒಂದು ಗೀರೂ ಆಗುತ್ತಿರಲಿಲ್ಲ.

ಆ ಊರಲ್ಲಿ ಪುಂಚೋಕ್ ಎಂಬ ಕುರುಬನಿದ್ದ. ಊರಿನ ಮಂದೆಯನ್ನೆಲ್ಲ ಕಾಯುವವನು ಅವನೇ. ಒಂದು ಚಳಿಗಾಲ ಸೇತುವೆ ಕಟ್ಟುವ ಮೂರೂ ದಿನ ಅವನು ತಡವಾಗಿ ಬಂದ. ಕುರಿಗಳು ಮರಿ ಹಾಕುವ ಹೊತ್ತು, ಬೆಳಗಿನ ಜಾವ ಅವನು ಕೊಟ್ಟಿಗೆ ಬಿಟ್ಟು ಬರುವಂತಿರಲಿಲ್ಲ. ಅವನು ಬುಟ್ಟಿ ಹೊತ್ತು ಹೊರಡುವಷ್ಟರಲ್ಲಿ ಬಿಸಿಲು ಬಂದಿರುತ್ತಿತ್ತು, ದಾರಿಯ ಹಿಮ ಮೆತ್ತಗಾಗಿರುತ್ತಿತ್ತು. ಅದನ್ನೇ ತುಂಬಿಕೊಂಡು ಬಂದ. ತುಂಡುಪ್ ಅಜ್ಜ ಬುಟ್ಟಿಯೊಳಗೆ ನೋಡಿ ಮುಖ ಸಿಂಡರಿಸಿದ. ಆದರೂ ಮಂದೆ ಕಾಯುವವನನ್ನು ಎಲ್ಲರೆದುರು ಅವಮಾನ ಮಾಡಬಾರದೆಂದು ಪಕ್ಕಕ್ಕೆ ಕರೆದು ಮೆಲ್ಲಗೆ ಏನೋ ಹೇಳಿದ. ಏನು ಹೇಳಿದ ಎನ್ನುವುದು ಮುಂದೆ ಬರುತ್ತದೆ.

ನಾಲ್ಕನೆಯ ದಿನ ಮಂದೆ ದಾಟಿಸಿದರು. ಮಂದೆಯೆಲ್ಲ ಹೆಚ್ಚುಕಡಿಮೆ ದಾಟಿತು. ಕೊನೆಗೆ ಪುಂಚೋಕ್ ಒಂದು ಎಳೆ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು, ಹನ್ನೊಂದು ಕುರಿಗಳನ್ನು ಮುಂದೆ ಅಟ್ಟಿಕೊಂಡು ನಡುವಿಗೆ ಬಂದಾಗ ಸೇತುವೆ ಮುರಿದುಬಿತ್ತು. ಅವನು ಸಿಗಲಿಲ್ಲ, ಕುರಿಗಳೂ ಸಿಗಲಿಲ್ಲ.

ಊರಿನವರು ಅತ್ತರು. ಅತ್ತು ಮುಗಿದ ಮೇಲೆ ಎಂದಿನಂತೆ ಬುಟ್ಟಿ ಹುಡುಕಿದರು. ಮೂರು ದಿನವೂ ತಡವಾಗಿ ಬಂದವನು ಯಾರು? ಪುಂಚೋಕ್. ಹಾಗಾದರೆ ಎಂಜಲು ಹಿಮ ಅವನದೇ, ತನ್ನ ಸಾವನ್ನು ತಾನೇ ಹೊತ್ತು ತಂದ ಎಂದರು. ಸತ್ತವನು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ. ಸಾಂತ್ವನ ಹೇಳಲು ಮನೆಗೆ ಬಂದವರೇ, ಬೆಣ್ಣೆ ಹಾಕಿದ ಚಹಾ ಕುಡಿಯುತ್ತ, ಅವನ ಹೆಂಡತಿಯ ಎದುರಿಗೇ ಈ ಮಾತಾಡಿದರು.

ಹೆಂಡತಿಯ ಹೆಸರು ಪಾಲ್ಮೊ. ಮೂರು ತಿಂಗಳು ಅವಳು ಅಳುತ್ತಲೇ ಇದ್ದಳು. ರೊಟ್ಟಿ ತಟ್ಟುವಾಗ ಅಳುತ್ತಿದ್ದಳು, ಮೇಕೆ ಹಾಲು ಕರೆಯುವಾಗ ಅಳುತ್ತಿದ್ದಳು. ಗಂಡ ಸತ್ತ ದುಃಖ ಒಂದು, ಸತ್ತ ಗಂಡನ ಮೇಲೆ ಬಿದ್ದ ಅಪವಾದದ ದುಃಖ ಇನ್ನೊಂದು. ಮೊದಲನೆಯದಕ್ಕೆ ಮದ್ದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎರಡನೆಯದು ಅವಳನ್ನು ಹೆಚ್ಚು ಸುಡುತ್ತಿತ್ತು.

ಬೇಸಿಗೆ ಬಂತು. ಒಂದು ದಿನ ಅವಳು ನದಿಯ ದಡಕ್ಕೆ, ಸೇತುವೆ ಬಿದ್ದ ಜಾಗಕ್ಕೆ ಹೋದಳು. ಬಿದ್ದದ್ದೆಲ್ಲ ಕೊಚ್ಚಿಹೋಗಿ ಕಮರಿ ಖಾಲಿಯಾಗಿತ್ತು. ಆದರೆ ಈಚೆ ದಡದ ಒಂದು ಮೂಲೆಯಲ್ಲಿ, ಬಂಡೆಗೆ ಅಂಟಿಕೊಂಡು, ಒಂದು ಬೂದು ಬಣ್ಣದ ಗಡ್ಡೆ ಉಳಿದಿತ್ತು. ಸುತ್ತ ಹಳದಿ ಹೂ ಬಿಟ್ಟಿದ್ದವು, ಗಡ್ಡೆ ಮಾತ್ರ ಹಾಗೇ ಇತ್ತು. ಅವಳಿಗೆ ಸಿಟ್ಟು ಬಂತು. ಅವನನ್ನು ನುಂಗಿದ ಸೇತುವೆಯ ಚೂರು ಇನ್ನೂ ಯಾಕೆ ಉಳಿದಿದೆ ಎಂದು ಕಲ್ಲೆತ್ತಿ ಬಡಿದಳು. ಕಲ್ಲು ಠಣ್ ಎಂದು ಚಿಮ್ಮಿ ಬಂತು. ಮತ್ತೆ ಬಡಿದಳು. ಅದು ಹಿಮವಾಗಿರಲಿಲ್ಲ, ಗಟ್ಟಿ ಮಂಜುಗಡ್ಡೆ. ಒಳಗೆ ಒಣಹುಲ್ಲಿನ ಎಳೆಗಳು, ಕುರಿಯ ಉಣ್ಣೆಯ ಒಂದು ಚೂರು ಸಿಕ್ಕಿಕೊಂಡಿದ್ದವು.

ಕೊಟ್ಟಿಗೆಯಿಂದ ನೇರ ಬಂದವನ ಬುಟ್ಟಿಯಲ್ಲಲ್ಲದೆ ಉಣ್ಣೆ ಇನ್ಯಾರ ಬುಟ್ಟಿಯಲ್ಲಿ ಬರುತ್ತದೆ? ಪಾಲ್ಮೊ ಅಲ್ಲೇ ಕುಳಿತುಬಿಟ್ಟಳು. ಆ ಮೂರು ದಿನ ಸಂಜೆ ಊಟಕ್ಕೆ ಕೂತಾಗ ಪುಂಚೋಕ್ ನಗುತ್ತಾ ಹೇಳಿದ್ದು ಅವಳಿಗೆ ನೆನಪಾಯಿತು. ಅಜ್ಜ ತನ್ನ ಬುಟ್ಟಿಯನ್ನು ಸೇತುವೆಯ ಹತ್ತಿರಕ್ಕೂ ಬಿಡಲಿಲ್ಲವಂತೆ, ದಡದ ಮೂಲೆಗೆ ತಳ್ಳಿದನಂತೆ. ಆಗ ಅವಳೂ ನಕ್ಕಿದ್ದಳು. ಈಗ ಅದೇ ಮೂಲೆ ಕಣ್ಣೆದುರಿಗಿತ್ತು. ಬೆಳ್ಳನೆಯ ಹಿಮವೆಲ್ಲ ಬಿದ್ದಿತ್ತು, ಅವನ ಹಿಮ ಮಾತ್ರ ಬಿದ್ದಿರಲಿಲ್ಲ.

ಅವತ್ತಿನಿಂದ ಪಾಲ್ಮೊ ಅಳುವುದು ಕಡಿಮೆಯಾಯಿತು, ನೋಡುವುದು ಹೆಚ್ಚಾಯಿತು. ಚಳಿಗಾಲ ಮರಳಿ ಬಂದಾಗ ಮನೆಯ ಹತ್ತಿರದ ಒಂದು ದಿಬ್ಬವನ್ನು ದಿನವೂ ಗಮನಿಸಿದಳು. ಅಲ್ಲಿ ಮಧ್ಯಾಹ್ನ ಒಂದೇ ಗಂಟೆ ಬಿಸಿಲು. ಆ ಒಂದು ಗಂಟೆಯಲ್ಲಿ ಹಿಮದ ಮೇಲ್ಪದರ ಕರಗಿ, ನೀರು ಕೆಳಗಿನ ಹಿಮದೊಳಗೆ ಇಳಿಯುತ್ತಿತ್ತು. ಬಿಸಿಲು ಹೋದೊಡನೆ ಎಲ್ಲ ಬಿಗಿದುಕೊಳ್ಳುತ್ತಿತ್ತು. ಮರುದಿನ ಮತ್ತೆ ಕರಗುತ್ತಿತ್ತು, ಮತ್ತೆ ಬಿಗಿಯುತ್ತಿತ್ತು. ಹತ್ತು ದಿನ ಹೀಗಾದ ಮೇಲೆ ಅವಳು ತನ್ನ ಯಾಕನ್ನು ದಿಬ್ಬದ ಮೇಲೆ ಹಾಯಿಸಿದಳು. ಪಕ್ಕದ ಹೊಸ ಹಿಮದಲ್ಲಿ ಹೊಟ್ಟೆಯವರೆಗೆ ಹೂತುಹೋಗುತ್ತಿದ್ದ ಪ್ರಾಣಿ, ಅಲ್ಲಿ ಗೊರಸಿನ ಗುರುತೂ ಮೂಡದ ಹಾಗೆ ನಡೆದುಹೋಯಿತು.

ಸೇತುವೆ ನಿಂತ ವರ್ಷಗಳನ್ನೂ ಅವಳು ಒಂದೊಂದಾಗಿ ಕೇಳಿ ತಿಳಿದಳು. ಆ ವರ್ಷಗಳಲ್ಲೆಲ್ಲ ಚಳಿ ಒಮ್ಮೆ ಸಡಿಲವಾಗಿ, ಕಟ್ಟಿದ ಸೇತುವೆ ಅಷ್ಟಿಷ್ಟು ತೊಟ್ಟಿಕ್ಕಿತ್ತು. ತೊಟ್ಟಿಕ್ಕಿತೆಂದು ಊರಿನವರು ಹೆದರಿದ್ದರು, ಆಮೇಲೆ ಅದು ನಿಂತಿತ್ತು. ಯಾಕೆ ನಿಂತಿತು ಎಂದು ಯಾರೂ ಕೇಳಿಕೊಂಡಿರಲಿಲ್ಲ.

ಸೇತುವೆ ಕಟ್ಟುವ ಕಾಲಕ್ಕೆ ಇನ್ನೂ ನಲವತ್ತು ದಿನ ಇತ್ತು. ಪಾಲ್ಮೊ ಊರ ಕೂಟಕ್ಕೆ ಹೋಗಿ ಕಂಡದ್ದನ್ನೆಲ್ಲ ಹೇಳಿದಳು. ಅರೆ ಕರಗಿದ ಹಿಮವನ್ನೇ ತಂದು, ದಿನಕ್ಕೊಂದು ತೆಳು ಪದರ ಹಾಕುತ್ತ ಹೋಗೋಣ, ಪ್ರತಿ ಪದರವೂ ಬಿಗಿದ ಮೇಲೆ ಮುಂದಿನದು ಹಾಕೋಣ ಎಂದಳು. ಕೂಟದಲ್ಲಿ ಗುಸುಗುಸು ಎದ್ದಿತು. ಪಾಪ, ಗಂಡನ ತಪ್ಪು ಮುಚ್ಚಲು ಏನೇನೋ ಹೇಳುತ್ತಿದ್ದಾಳೆ ಎಂದರು ಕೆಲವರು. ಎಂಜಲಿನಿಂದ ಒಮ್ಮೆ ಹೆಣ ಬಿದ್ದದ್ದು ಸಾಲದೇ ಎಂದರು ಇನ್ನು ಕೆಲವರು. ತುಂಡುಪ್ ಅಜ್ಜ ಸಿಟ್ಟಾಗಲಿಲ್ಲ. ಅವನು ಕೆಟ್ಟವನಲ್ಲ, ಅದೇ ಕಷ್ಟ. ಕೆಟ್ಟವರ ಮಾತನ್ನು ತಳ್ಳಿಹಾಕಬಹುದು, ಒಳ್ಳೆಯವರು ಅಕ್ಕರೆಯಿಂದ ಹೇಳುವ ತಪ್ಪನ್ನು ತಳ್ಳಿಹಾಕುವುದು ಸುಲಭವಲ್ಲ.

“ಮಗಳೇ, ನಿನ್ನ ಸಂಕಟ ನಂಗೆ ಗೊತ್ತಾಗುತ್ತೆ,” ಎಂದ ಅವನು. “ಆದ್ರೆ ನಿಂಗಿನ್ನೂ ವರ್ಷ ತುಂಬಿಲ್ಲ. ಅತ್ತ ಕೈ ನಿಂದು. ಈ ಸಲ ಸೇತುವೆ ಕಡೆ ಬರಬೇಡಮ್ಮ.”

“ನಿಮ್ಮ ಸೇತುವೆ ಮುಟ್ಟಲ್ಲ ಮೆಮೆಲೆ,” ಎಂದಳು ಪಾಲ್ಮೊ. “ನಂದೇ ಒಂದು ಕಟ್ತೀನಿ.”

ಯಾರೋ ನಕ್ಕರು. ಅಜ್ಜ ನಗಲಿಲ್ಲ. ಕಟ್ಟುವುದಾದರೆ ಕಟ್ಟಲಿ, ಆದರೆ ಊರಿನ ಒಂದು ಕುರಿಯೂ ಅದರ ಮೇಲೆ ಕಾಲಿಡಕೂಡದು ಎಂದು ಹೇಳಿ ಕೂಟ ಮುಗಿಸಿದ.

ಊರಿನ ಸೇತುವೆಯ ಜಾಗದಿಂದ ನೂರು ಹೆಜ್ಜೆ ಕೆಳಗೆ ನದಿಯ ನಡುವೆ ಎರಡು ಬಂಡೆಗಳಿದ್ದವು. ಗಳು ಹಾಸಲು ಅದೇ ಒಳ್ಳೆಯ ಜಾಗ, ಒಂದು ಬಂಡೆಯಿಂದ ಇನ್ನೊಂದಕ್ಕೆ ಚಿಕ್ಕ ಗಳುವೂ ಎಟುಕುತ್ತಿತ್ತು. ಆದರೂ ಅಲ್ಲಿ ಯಾರೂ ಕಟ್ಟುತ್ತಿರಲಿಲ್ಲ. ಕಾರಣ ನಿಮಗೇ ಗೊತ್ತಿರಬೇಕು. ಮಧ್ಯಾಹ್ನ ಅಲ್ಲಿಗೆ ಬಿಸಿಲು ಬರುತ್ತಿತ್ತು.

ಪಾಲ್ಮೊ ಅಲ್ಲಿ ಶುರುಮಾಡಿದಳು. ಗಳು ಹಾಸಿ ಕಟ್ಟಲು ಆರು ದಿನ, ಕಡ್ಡಿಯ ಚಾಪೆ ಹೆಣೆದು ಹಾಸಲು ನಾಲ್ಕು ದಿನ ಹಿಡಿಯಿತು. ಆಮೇಲೆ ದಿನವೂ ಒಂದೇ ಕೆಲಸ. ಊರು ಮಧ್ಯಾಹ್ನದ ಊಟ ಮುಗಿಸಿ ಒಲೆಯ ಬಳಿ ಕೈ ಕಾಯಿಸುವಾಗ ಅವಳು ಪುಂಚೋಕನ ಬುಟ್ಟಿ ಹೊತ್ತು ದಿಬ್ಬಕ್ಕೆ ಹೋಗುತ್ತಿದ್ದಳು. ಮೆತ್ತಗಾದ ಹಿಮವನ್ನು ತುಂಬಿಕೊಂಡು ನದಿಗೆ ಇಳಿಯುತ್ತಿದ್ದಳು. ಹೊಸ ಹಿಮ ಹಗುರ, ಒಣ. ಈ ಹಿಮ ಭಾರ, ಹಸಿ. ಬುಟ್ಟಿಯಿಂದ ನೀರು ಸೋರಿ ಬೆನ್ನೆಲ್ಲ ಒದ್ದೆಯಾಗುತ್ತಿತ್ತು, ದಾರಿಯಲ್ಲೇ ಅಂಗಿ ಗಡುಸಾಗಿ ಸಂಜೆ ಅದನ್ನು ಒಲೆಯ ಮುಂದೆ ನಿಂತು ಬಿಡಿಸಿಕೊಳ್ಳಬೇಕಾಗುತ್ತಿತ್ತು. ದಿನಕ್ಕೆ ಹದಿನೈದು ಬುಟ್ಟಿ. ಅಷ್ಟಕ್ಕೆ ಸೇತುವೆ ಏರುತ್ತಿದ್ದದ್ದು ನಾಲ್ಕು ಬೆರಳು.

ಮಕ್ಕಳು ದಡದಲ್ಲಿ ನಿಂತು ‘ಎಂಜಲು ಸೇತುವೆ, ಎಂಜಲು ಸೇತುವೆ’ ಎಂದು ಕೂಗುತ್ತಿದ್ದರು. ಮಕ್ಕಳ ತಪ್ಪೇನಿಲ್ಲ, ಮನೆಯಲ್ಲಿ ಕೇಳಿದ್ದನ್ನು ಅವರು ಬಯಲಲ್ಲಿ ಕೂಗುತ್ತಾರೆ. ಪಾಲ್ಮೊ ತಲೆ ಎತ್ತುತ್ತಿರಲಿಲ್ಲ. ಬುಟ್ಟಿ ಸುರಿದು, ತುಳಿದು, ಮತ್ತೆ ದಿಬ್ಬ ಹತ್ತುತ್ತಿದ್ದಳು.

ಅವಳ ಅತ್ತೆ ಯಾಂಗ್ಜೊಮ್ ಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಮಗನನ್ನು ಕಳೆದುಕೊಂಡವಳು. ಸೊಸೆ ಮಾಡುವುದು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಹುಟ್ಟಿದಾಗಿನಿಂದ ಕಲಿತ ನಿಯಮ ಒಂದು ಕಡೆ, ಮಗ ಒಂದು ಕಡೆ. ಹೀಗೆ ಎಷ್ಟು ದಿನ ಕೂತಿದ್ದಳೋ. ಒಂದು ಮಧ್ಯಾಹ್ನ ಪಾಲ್ಮೊ ದಿಬ್ಬದ ಮೇಲೆ ಹಿಮ ತುಂಬುತ್ತಿದ್ದಾಗ ಹಿಂದಿನಿಂದ ಕೆಮ್ಮಿನ ಸದ್ದು ಕೇಳಿಸಿತು. ತಿರುಗಿದರೆ ಅತ್ತೆ. ಬೆನ್ನ ಮೇಲೆ ಸಗಣಿ ಬೆರಣಿ ಹೊರುವ ಹಳೇ ಬುಟ್ಟಿ.

“ಆಮಾ, ನೀವ್ಯಾಕೆ ಬಂದ್ರಿ?” ಎಂದಳು ಪಾಲ್ಮೊ. ಆಮಾ ಎಂದರೆ ಅಮ್ಮ, ಅತ್ತೆಯನ್ನು ಅಲ್ಲಿ ಹಾಗೇ ಕರೆಯುತ್ತಾರೆ.

“ಅವನು ನನ್ನ ಮಗ,” ಎಂದಳು ಮುದುಕಿ. “ತುಂಬು.”

ಅವತ್ತಿನಿಂದ ದಿನಕ್ಕೆ ಇಪ್ಪತ್ತೆರಡು ಬುಟ್ಟಿಯಾಯಿತು.

ಇಪ್ಪತ್ತೈದನೆಯ ದಿನ ಚಳಿ ಇದ್ದಕ್ಕಿದ್ದಂತೆ ಸಡಿಲವಾಯಿತು. ಬಿಸಿಲು ಜೋರಾಗಿ ಬಂತು. ಸೇತುವೆಯ ಕೆಳಗಿನಿಂದ ನೀರು ತೊಟ್ಟಿಕ್ಕತೊಡಗಿತು, ತೊಟ್ಟಿಕ್ಕುವುದು ಸುರಿಯುವುದಾಯಿತು. ದಡದಲ್ಲಿದ್ದವರು ಮುಗಿಯಿತು ಎಂದುಕೊಂಡರು. ಪಾಲ್ಮೊಗೂ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅವಳು ಬಂಡೆಯ ಮೇಲೆ ಕುಳಿತು, ಹದಿನೈದು ದಿನದ ದುಡಿಮೆ ಹನಿಹನಿಯಾಗಿ ನದಿಗೆ ಬೀಳುವುದನ್ನು ನೋಡಿದಳು. ಎದ್ದು ಮನೆಗೆ ಹೋಗಿಬಿಡೋಣ ಎನ್ನಿಸಿತು. ಆದರೆ ದಿಬ್ಬದ ಮೇಲಿನ ಹಿಮವೂ ಮೊದಲು ಹೀಗೆಯೇ ಸುರಿದಿತ್ತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಬಿಸಿಲು ಇಳಿಯುವವರೆಗೆ ಕಾದು, ಕರಗಿ ಗುಳಿಬಿದ್ದ ಕಡೆಯೆಲ್ಲ ಹಸಿ ಹಿಮ ಮೆತ್ತಿ ಹೋದಳು. ಬೆಳಿಗ್ಗೆ ಬಂದು ಕಬ್ಬಿಣದ ಹಾರೆಯಿಂದ ಕುಟ್ಟಿದಳು. ಬೇಸಿಗೆಯಲ್ಲಿ ಆ ಮೂಲೆಯ ಗಡ್ಡೆಯಿಂದ ಕೇಳಿದ್ದ ಸದ್ದೇ ಸೇತುವೆಯ ಉದ್ದಕ್ಕೂ ಕೇಳಿಸಿತು. ಪಾಲ್ಮೊ ಹಾರೆ ಕೆಳಗಿಟ್ಟು ಬುಟ್ಟಿ ಎತ್ತಿಕೊಂಡಳು.

ಕೊನೆಯ ವಾರ ಊರಿನವರು ತಮ್ಮ ಸೇತುವೆ ಕಟ್ಟಿದರು. ನಲವತ್ತು ಜನ, ಮೂರೇ ದಿನ. ನಸುಕಿನಲ್ಲಿ ಹೋಗಿ ಮುಟ್ಟಿದರೆ ಉದುರುವಂಥ ಹೊಸ ಹಿಮ ತಂದರು. ನೋಡಲು ಎರಡು ಕಣ್ಣು ಸಾಲದು, ಅಷ್ಟು ಬೆಳ್ಳಗೆ, ಅಷ್ಟು ಎತ್ತರವಾಗಿತ್ತು. ಕೆಳಗೆ ಪಾಲ್ಮೊಳ ಸೇತುವೆ ಬೂದು ಬಣ್ಣಕ್ಕಿತ್ತು, ಗಿಡ್ಡಗಿತ್ತು, ಹುಲ್ಲು ಮಣ್ಣು ಸಿಕ್ಕಿಕೊಂಡು ಕಲೆಕಲೆಯಾಗಿತ್ತು. ಎರಡನ್ನೂ ತೋರಿಸಿ ಯಾವುದರ ಮೇಲೆ ನಡೆಯುತ್ತೀರಿ ಎಂದು ಕೇಳಿದ್ದರೆ, ನಿಜ ಹೇಳುತ್ತೇನೆ, ನಾನೂ ಬೆಳ್ಳಗಿರುವುದನ್ನೇ ತೋರಿಸುತ್ತಿದ್ದೆ.

ದಾಟುವ ದಿನ ಬಂತು. ಮಂದೆಗೆ ಮೂರು ದಿನದಿಂದ ಹೊಟ್ಟೆತುಂಬ ಮೇವಿರಲಿಲ್ಲ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು, ಸಂಜೆಯೊಳಗೆ ಹಿಮಗಾಳಿ ಬರುವ ಲಕ್ಷಣ. ಸೇತುವೆಯ ಯಜಮಾನ ಮೊದಲು ದಾಟಬೇಕು, ಮೂಟೆ ಹೇರಿದ ಯಾಕ್ ಜೊತೆಗೆ, ಅದು ಅಲ್ಲಿನ ಪದ್ಧತಿ. ತುಂಡುಪ್ ಅಜ್ಜ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಯಾಕಿನ ಮೂಗುದಾರ ಹಿಡಿದು ನಡೆದ. ಹತ್ತು ಹೆಜ್ಜೆ ಹೋದ. ಹನ್ನೊಂದನೆಯ ಹೆಜ್ಜೆಗೆ ಯಾಕಿನ ಮುಂಗಾಲು ಹಿಮದೊಳಗೆ ಹೋಯಿತು. ಬಿಳಿ ಸೇತುವೆ ಸದ್ದಿಲ್ಲದೆ ನಡುವಿನಲ್ಲಿ ತಗ್ಗಿ ಹಿಟ್ಟಿನಂತೆ ಉದುರಿತು.

ದಡದಲ್ಲಿದ್ದ ಇಪ್ಪತ್ತು ಜನ ಹಗ್ಗ ಜಗ್ಗಿ ಅಜ್ಜನನ್ನು ಎಳೆದುಕೊಂಡರು. ಯಾಕ್ ಹೇಗೋ ಹಿಂದಕ್ಕೆ ಹಾರಿ ದಡ ಹಿಡಿಯಿತು, ಮೂಟೆ ನದಿಪಾಲಾಯಿತು. ಅಜ್ಜನ ಮೊಣಕೈ ಒಡೆದು ರಕ್ತ ಬರುತ್ತಿತ್ತು. ಅದನ್ನು ಅವನು ಒರೆಸಿಕೊಳ್ಳಲೂ ಇಲ್ಲ. ಇನ್ನೊಂದು ಸೇತುವೆ ಕಟ್ಟಲು ಮೂರು ದಿನ ಬೇಕು. ಹಿಮಗಾಳಿ ಬಂದರೆ ವಾರ ಹತ್ತು ದಿನ ಯಾರೂ ಹೊರಗೆ ಕಾಲಿಡುವಂತಿರಲಿಲ್ಲ. ಅಷ್ಟರಲ್ಲಿ ಮಂದೆ ಇರುತ್ತಿರಲಿಲ್ಲ. ಮಂದೆ ಇಲ್ಲದೆ ಊರೂ ಇರುತ್ತಿರಲಿಲ್ಲ.

ಎಲ್ಲರ ಕಣ್ಣು ಕೆಳಗಿನ ಬೂದು ಸೇತುವೆಯ ಕಡೆ ಹೋಯಿತು. ಹೋದದ್ದೇ ತಡ, ವಾದ ಶುರುವಾಯಿತು. ಈ ಸಲ ಯಾರ ಬುಟ್ಟಿಯಲ್ಲಿ ಎಂಜಲಿತ್ತು ಎಂದು ಒಬ್ಬ ಆಗಲೇ ಕೇಳುತ್ತಿದ್ದ. ಎಂಜಲಿನ ಮೇಲೆ ಮಂದೆ ದಾಟಿಸಿದರೆ ಮುಂದೆ ಏನಾಗುತ್ತದೋ ಎಂದು ಇನ್ನೊಬ್ಬ. ಹಸಿದ ಕುರಿಗಳಿಗೆ ಈ ಪ್ರಶ್ನೆಗಳಿರಲಿಲ್ಲ, ಅವು ಆಚೆ ದಡದ ಹುಲ್ಲು ನೋಡಿ ಅರಚುತ್ತಿದ್ದವು.

ಪಾಲ್ಮೊ ಜನರ ನಡುವೆ ಬಂದು ಅಜ್ಜನ ಎದುರು ನಿಂತಳು. ಬನ್ನಿ ನನ್ನ ಸೇತುವೆಯ ಮೇಲೆ ಹೋಗಿ ಎನ್ನಲಿಲ್ಲ, ಆಗಲೇ ಹೇಳಿದ್ದೆನಲ್ಲ ಎಂದೂ ಅನ್ನಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬೇರೆ.

“ಮೆಮೆಲೆ, ಒಂದೇ ಮಾತು ಕೇಳ್ತೀನಿ,” ಎಂದಳು. “ಹೋದ ವರ್ಷ ನನ್ನ ಗಂಡನ ಬುಟ್ಟೀನ ಎಲ್ಲಿ ಸುರಿ ಅಂದ್ರಿ ನೀವು?”

ಆ ಮಾತು ಅಜ್ಜ ಪುಂಚೋಕನ ಕಿವಿಯಲ್ಲಿ ಹೇಳಿದ್ದು. ಕೇಳಿದವನು ಒಬ್ಬನೇ, ಅವನು ಸತ್ತಿದ್ದ, ಅವನ ಹೆಂಡತಿಯ ಮಾತನ್ನು ಊರು ನಂಬಿರಲಿಲ್ಲ. ಅಜ್ಜ ನೆನಪಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಡುವೆ ಸುರಿ ಎಂದೆ ಎಂದಿದ್ದರೂ ಯಾರೂ ಅನುಮಾನಿಸುತ್ತಿರಲಿಲ್ಲ. ನಲವತ್ತು ವರ್ಷದ ಹೆಸರು, ಅಜ್ಜನ ಅಜ್ಜ ಕೊಟ್ಟ ನಿಯಮ, ಎಲ್ಲ ಉಳಿಯುತ್ತಿತ್ತು. ಆದರೆ ಮುದುಕನಿಗೂ ಆ ಮೂಲೆಯ ಗಡ್ಡೆ ಗೊತ್ತಿತ್ತು. ಬೇಸಿಗೆಯಲ್ಲಿ ಅವನೂ ಅದನ್ನು ನೋಡಿದ್ದ, ನೋಡಿ ಬೇರೆ ಕಡೆ ಮುಖ ತಿರುಗಿಸಿದ್ದ.

“ದಡದ ಮೂಲೇಲಿ ಸುರಿ ಅಂದೆ,” ಎಂದ. ಆಮೇಲೆ ಎಲ್ಲರಿಗೂ ಕೇಳಲೆಂದು ಗಟ್ಟಿಯಾಗಿ ಹೇಳಿದ. “ಮೂರು ದಿನಾನೂ ಅಲ್ಲೇ ಸುರಿಸಿದೆ. ನಡುವೆ ಅವನದ್ದು ಒಂದು ಹಿಡಿ ಹಿಮಾನೂ ಇರಲಿಲ್ಲ. ಅವನ ಬುಟ್ಟಿಯಿಂದ ಸೇತುವೆ ಬೀಳಲಿಲ್ಲ. ಬೀಳದೆ ಉಳಿದಿದ್ದೇ ಅವನ ಬುಟ್ಟೀದು.”

ಪಾಲ್ಮೊಳ ಅತ್ತೆ ಅಂಗಿಯ ತೋಳಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಪಾಲ್ಮೊ ಅಳಲಿಲ್ಲ. ಒಂದು ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದಾಗ ಮನುಷ್ಯರಿಗೆ ಮೊದಲು ಉಸಿರಾಡುವುದೇ ದೊಡ್ಡ ಕೆಲಸ.

ತುಂಡುಪ್ ಅಜ್ಜ ಇನ್ನೊಂದು ಮೂಟೆ ತರಿಸಿ ಅದೇ ಯಾಕಿಗೆ ಹೇರಿಸಿದ. ಪದ್ಧತಿಯಂತೆ ಯಜಮಾನನೇ ಮೊದಲು ದಾಟಬೇಕು, ಹಾಗಾದರೆ ಪಾಲ್ಮೊ ಹೋಗಲಿ ಎಂದ. ಅವಳು ಮುಂದೆ, ಯಾಕ್ ನಡುವೆ, ಅಜ್ಜ ಹಿಂದೆ, ಹೀಗೆ ಮೂವರೂ ಬೂದು ಸೇತುವೆಯ ಮೇಲೆ ನಡೆದರು. ಗೊರಸಿನ ಸದ್ದು ಕಲ್ಲಿನ ಮೇಲೆ ನಡೆದಂತೆ ಕೇಳಿಸಿತು. ಅವರು ಆಚೆ ದಡ ಮುಟ್ಟಿದ ಮೇಲೆ ಮಂದೆಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಇನ್ನೂರು ಚಿಲ್ಲರೆ ಕುರಿ ಮೇಕೆಗಳು ಒಂದರ ಮೇಲೊಂದು ಬಿದ್ದುಕೊಂಡು ದಾಟಿದವು. ಸೇತುವೆ ಅಲ್ಲಲ್ಲಿ ತೊಟ್ಟಿಕ್ಕಿತು, ಆದರೆ ಅಲುಗಲಿಲ್ಲ. ಹಿಮಗಾಳಿ ಬೀಸುವ ಹೊತ್ತಿಗೆ ಕೊನೆಯ ಮರಿಯೂ ಹುಲ್ಲಿಗೆ ಬಾಯಿ ಹಾಕಿತ್ತು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮರುವರ್ಷ ನಡೆದದ್ದನ್ನು ಹೇಳದೆ ಬಿಟ್ಟರೆ ನನಗೆ ಸಮಾಧಾನವಿಲ್ಲ.

ಮರುವರ್ಷ ಪಾಲ್ಮೊ ಸೇತುವೆಯ ಯಜಮಾನಿಯಾದಳು. ಬುಟ್ಟಿಗಳು ನಸುಕಿನ ಬದಲು ಮಧ್ಯಾಹ್ನ ಹೊರಟವು, ಕೆಲಸ ಮೂರು ದಿನದ ಬದಲು ಒಂದು ತಿಂಗಳಾಯಿತು. ಮೊದಲ ದಿನ ಊರೆಲ್ಲ ಎರಡು ಬಂಡೆಗಳ ಹತ್ತಿರ ಸೇರಿತು. ಒಬ್ಬ ಮಾತ್ರ ದೂರದಲ್ಲಿ ನಿಂತಿದ್ದ, ತುಂಡುಪ್ ಅಜ್ಜ. ಆ ಶರತ್ಕಾಲದಲ್ಲಿ ಅವನ ಹೆಂಡತಿ ತೀರಿಕೊಂಡಿದ್ದಳು. ಐವತ್ತು ವರ್ಷ ಜೊತೆಗಿದ್ದವಳು. ಅವನ ಕಣ್ಣು ಇನ್ನೂ ಊದಿಕೊಂಡಿತ್ತು. ತನಗೆ ವರ್ಷ ತುಂಬಿಲ್ಲ, ತನ್ನದು ಅತ್ತ ಕೈ ಎಂದು ಯಾರೂ ಹೇಳುವ ಮೊದಲೇ ತಾನೇ ದೂರ ಸರಿದಿದ್ದ. ಹಳೆಯ ನಿಯಮ ಒಂದು ಹೋಗಿದ್ದರೂ ಇನ್ನೊಂದು ಅವನೊಳಗೆ ಉಳಿದಿತ್ತು.

ಪಾಲ್ಮೊ ದಿಬ್ಬದಿಂದ ಮೊದಲ ಬುಟ್ಟಿ ತುಂಬಿಸಿದಳು. ಅದು ಪುಂಚೋಕನ ಬುಟ್ಟಿ. ಅದನ್ನು ಹೊತ್ತು ಅಜ್ಜ ನಿಂತಲ್ಲಿಗೇ ನಡೆದು, ಅವನ ಬೆನ್ನಿಗೆ ಏರಿಸಿದಳು.

“ಈ ವರ್ಷ ಮೊದಲ್ನೇ ಬುಟ್ಟಿ ನಿಮ್ಮದು ಮೆಮೆಲೆ,” ಎಂದಳು. “ನಡುವೆ ಸುರೀರಿ.”

ನೀತಿ: ನೋವು ತಾಗಿದವರನ್ನು, ಒಮ್ಮೆ ಕರಗಿ ಅತ್ತವರನ್ನು, ಕೈಲಾಗದವರೆಂದು ಮೂಲೆಗೆ ಸರಿಸಬೇಡಿ. ಕರಗಿದ ಮೇಲೂ ಮತ್ತೆ ಬಿಗಿದು ನಿಲ್ಲುವವರೇ ಕೊನೆಗೆ ಎಲ್ಲರ ಭಾರ ಹೊರುತ್ತಾರೆ. ಕೆಲಸ ಕೆಟ್ಟಾಗ ಯಾರ ಬುಟ್ಟಿ ಎಂದು ಹುಡುಕುವ ಮೊದಲು ನಮ್ಮ ನಿಯಮವನ್ನೇ ಒಮ್ಮೆ ಹಾರೆಯಿಂದ ಕುಟ್ಟಿ ನೋಡಬೇಕು.